ಕಿವಿಗೆ ಕೇಳದ ಬೆಲೆ

ಅಮೃತಶಿಲೆಯ ಪೀಠದ ಮೇಲಿರುವ ಗುಂಡಿಯನ್ನು ಮೆಲ್ಲಗೆ ಒತ್ತಬೇಕು. ಒಳಗಡಗಿದ್ದ ಗುಂಡಿಗಳು ಹೊರಬರುತ್ತವೆ, ಎಂಟು ಗಾಜಿನ ವಾಲ್ವ್‌ಗಳು ಮೇಲೇಳುತ್ತವೆ, ಕೊನೆಗೆ ಗಾಜಿನ ಮುಚ್ಚಳ ತೆರೆದು ಹೆಡ್‌ಫೋನ್ ದರ್ಶನ ಕೊಡುತ್ತದೆ. ಜರ್ಮನಿಯ ಸೆನ್‌ಹೈಸರ್ ಕಂಪೆನಿ 2015ರಲ್ಲಿ ಪ್ರಕಟಿಸಿದ ‘ಎಚ್‌ಇ 1’ ಇದು. ಆಗ ಹೇಳಿದ ಬೆಲೆ ಸುಮಾರು 50 ಸಾವಿರ ಯೂರೋ. ಹಾಡು ಇನ್ನೂ ಶುರುವಾಗಿಲ್ಲ, ವ್ಯಾಪಾರ ಮಾತ್ರ ಅರ್ಧ ಮುಗಿದಿದೆ.

ಈ ಯಂತ್ರ 8 ಹರ್ಟ್ಸ್‌ನಿಂದ 1 ಲಕ್ಷ ಹರ್ಟ್ಸ್‌ಗೂ ಮೇಲಿನ ಧ್ವನಿಯನ್ನು ಹೊರಡಿಸಬಲ್ಲದು ಎಂಬುದು ಕಂಪೆನಿಯ ಮಾತು. ನಿಜವೆಂದೇ ಇಟ್ಟುಕೊಳ್ಳೋಣ. ಆದರೆ ಆರೋಗ್ಯವಂತ ಯುವಕನ ಕಿವಿಗೆ ದಕ್ಕುವುದು ಸುಮಾರು 20ರಿಂದ 20 ಸಾವಿರ ಹರ್ಟ್ಸ್. ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಕೈಬಿಡುತ್ತವೆ. ಇಷ್ಟು ಹಣ ಕೂಡಿಡುವ ಹೊತ್ತಿಗೆ ಹೆಚ್ಚಿನವರ ತಲೆ ನರೆತಿರುತ್ತದೆ! ಬಾವಲಿಗೆ ಕೇಳಿಸುವುದಕ್ಕೂ ಮನುಷ್ಯ ಹಣ ತೆರುತ್ತಿದ್ದಾನೆ.

ಹಾಗಾದರೆ ಬೆಲೆ ಏರಿದಂತೆ ಧ್ವನಿ ಸುಧಾರಿಸುತ್ತದೆಯೇ? ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಯಾವ ಸ್ವರ ಎಷ್ಟು ಬಲವಾಗಿ ಕೇಳಿಸುತ್ತದೆ ಎಂಬ ಗುಣಕ್ಕೂ ಬೆಲೆಗೂ ಅಲ್ಲಿ ಸಂಬಂಧವೇ ಕಾಣಲಿಲ್ಲ. ಹೆಡ್‌ಫೋನಿಗೆ ಅದೊಂದೇ ಗುಣವಲ್ಲ, ನಿಜ. ಬಾಳಿಕೆ ಬೇಕು, ತಲೆಗೆ ಹಿತವಾಗಿರಬೇಕು. ಇವಕ್ಕೆ ಅಮೃತಶಿಲೆ ಬೇಡ. ಇದೇ ಕಂಪೆನಿಯ 1997ರ ‘ಎಚ್‌ಡಿ 600’ ಪ್ಲಾಸ್ಟಿಕ್ಕಿನದು. ಅದರ ವಯರು, ಕಿವಿಮೆತ್ತೆ ಸವೆದರೆ ಬದಲಿಸಿಕೊಳ್ಳಬಹುದು. ಕೆಲವು ನೂರು ಡಾಲರಿನ ಆ ಸಾಧನವನ್ನು ಸಂಗೀತ ಬಲ್ಲವರು ಇಂದಿಗೂ ಮೆಚ್ಚುತ್ತಾರೆ.

ದುಬಾರಿ ಮಾದರಿಯ ನಿಜವಾದ ಕೆಲಸ ಬೇರೆಯೇ ಇದೆ. 1991ರಲ್ಲಿ ಈ ಕಂಪೆನಿ ‘ಆರ್ಫಿಯಸ್’ ಹೊರತಂದಾಗ ಅದರ ಸಂಖ್ಯೆಯನ್ನು 300ಕ್ಕೆ ಮಿತಿಗೊಳಿಸಿತ್ತು. ಕೊಂಡವರು ಬೆರಳೆಣಿಕೆಯಷ್ಟು, ಬೆರಗಾದವರು ಲಕ್ಷಾಂತರ. ಶಿಖರವನ್ನು ತೋರಿಸಿದರೆ ಸಾವಿರ ಯೂರೋದ ಹೆಡ್‌ಫೋನೂ ಅಗ್ಗವೆನಿಸುತ್ತದೆ. ಕೊಳ್ಳುವವನಿಗೆ ತಾನು ಮೋಸಹೋದೆನೆಂಬ ಅನುಮಾನವೂ ಬಾರದು, ಏಕೆಂದರೆ ಅಷ್ಟು ಕೊಟ್ಟ ಮೇಲೆ ಕಿವಿಯೇ ಸಾಕ್ಷಿ ಹೇಳತೊಡಗುತ್ತದೆ.

2022ರಲ್ಲಿ ಸೆನ್‌ಹೈಸರಿನ ಗ್ರಾಹಕ ಹೆಡ್‌ಫೋನ್ ವ್ಯವಹಾರ ಸ್ವಿಟ್ಜರ್‌ಲ್ಯಾಂಡಿನ ಸೊನೋವಾ ಕಂಪೆನಿಯ ಪಾಲಾಯಿತು. ಸೊನೋವಾದ ಮುಖ್ಯ ಕಸುಬು ಕಿವಿ ಮಂದವಾದವರಿಗೆ ಶ್ರವಣ ಸಾಧನ ತಯಾರಿಸುವುದು. ಕಿವಿಯ ತೊಂದರೆಗೆ ನೆರವು ಬೇಕಾದವರು ಜಗತ್ತಿನಲ್ಲಿ 43 ಕೋಟಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಹೆಚ್ಚಿನವರು ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.