ಸರಾಯಾ ಬೆವಿಸಳ ಕುಸ್ತಿಜೀವನವೂ ಅದರ ಚಿತ್ರಣವೂ

ಜಯಾಪಜಯಗಳು ಮುಂಚಿತವಾಗಿಯೇ ಗೊತ್ತಾಗಿರುವ ಕಣದಲ್ಲಿ ಗೆದ್ದವರ ಚರಿತ್ರೆಯನ್ನು ಬರೆಯುವ ಬಗೆ ಯಾವುದು? ಅಲ್ಲಿನ ಗೆಲುವನ್ನು ಗೆಲುವೆಂದೇ ಎಣಿಸಿ ಬರೆದರೆ ಅಸತ್ಯವನ್ನು ಹೇಳಿದಂತಾಗುತ್ತದೆ. ಎಲ್ಲವೂ ಬರಿಯ ಸೋಗೆಂದು ತಳ್ಳಿಬಿಟ್ಟರೆ ಅದಕ್ಕಿಂತ ದೊಡ್ಡ ಅಸತ್ಯವನ್ನು ಹೇಳಿದಂತಾಗುತ್ತದೆ. ಇಂಗ್ಲೆಂಡಿನ ನಾರ್ವಿಚ್ ನಗರದ ಸರಾಯಾ ಜೇಡ್ ಬೆವಿಸ್ ಎಂಬ ವೃತ್ತಿಕುಸ್ತಿಗಾರ್ತಿಯನ್ನೂ ಆಕೆಯ ಮನೆಯವರನ್ನೂ ಕುರಿತು ೨೦೧೨ರಲ್ಲಿ ಒಂದು ಸಾಕ್ಷ್ಯಚಿತ್ರವೂ, ಅದನ್ನೇ ಆಧಾರಮಾಡಿಕೊಂಡು ೨೦೧೯ರಲ್ಲಿ ಒಂದು ಕಥಾಚಿತ್ರವೂ ಹೊರಬಂದವು. ಜೀವನಚರಿತ್ರೆಯೆಂಬ ಸಾಹಿತ್ಯಪ್ರಕಾರದ ಒಂದು ಕಠಿನವಾದ ತೊಡಕು ಈ ಕಥಾಚಿತ್ರದಲ್ಲಿ ಬಹು ಸ್ಪಷ್ಟವಾಗಿ ಕಾಣುವುದರಿಂದ, ಇದನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ.

ಮೊದಲು ಈ ಕಲೆಯ ಸ್ವರೂಪವನ್ನು ಸ್ವಲ್ಪ ನೋಡಬೇಕು. ವೃತ್ತಿಕುಸ್ತಿಯು ನಮ್ಮ ಗರಡಿಯ ಮಲ್ಲವಿದ್ಯೆಯಲ್ಲ. ಒಲಿಂಪಿಕ್ ಪಂದ್ಯಗಳ ಕುಸ್ತಿಯೂ ಅಲ್ಲ. ಯಾರು ಗೆಲ್ಲತಕ್ಕದ್ದು, ಯಾರು ಸೋಲತಕ್ಕದ್ದು ಎಂಬುದನ್ನು ಆಟವನ್ನು ಏರ್ಪಡಿಸಿದವರು ಮೊದಲೇ ನಿಶ್ಚಯಿಸಿರುತ್ತಾರೆ. ಆದರೆ ನಿಶ್ಚಯಿಸಲಾಗದ ಅಂಶವೊಂದು ಉಳಿಯುತ್ತದೆ. ಎತ್ತಿ ಎಸೆಯುವುದು ನಿಜ, ಬೀಳುವುದೂ ನಿಜ. ಬೀಳುವವರು ಗದ್ದವನ್ನು ಎದೆಗೆ ಒತ್ತಿಕೊಂಡು, ಪೆಟ್ಟು ಒಂದೇ ಕಡೆ ತಾಗದೆ ಬೆನ್ನಿನ ಅಗಲಕ್ಕೂ ಹಂಚಿಹೋಗುವಂತೆ ಬೀಳುವುದನ್ನು ಬಹುಕಾಲ ಅಭ್ಯಾಸಮಾಡಬೇಕು. ಎಸೆಯುವವರು ಎದುರಾಳಿಯ ಕುತ್ತಿಗೆಗೆ ತಾವೇ ಹೊಣೆಯಾಗಿರಬೇಕು. ಹೊರಗೆ ವೈರವಾಗಿ ಕಾಣುವುದೆಲ್ಲ ಒಳಗೆ ಪರಸ್ಪರ ನಂಬಿಕೆ. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ ೧೯೫೭ರಲ್ಲಿ ಪ್ರಕಟವಾದ ತನ್ನ 'ಮಿತೊಲೊಜಿ' ಎಂಬ ಪ್ರಬಂಧಸಂಗ್ರಹದ ಮೊದಲಲ್ಲೇ ಈ ಕುಸ್ತಿಯನ್ನು ಚರ್ಚಿಸಿ, ಇದು ಕ್ರೀಡೆಯಲ್ಲ, ದೃಶ್ಯ ಎಂದು ಪ್ರತಿಪಾದಿಸಿದನು. ನೋವು, ಸೋಲು, ನ್ಯಾಯ ಇವು ಪ್ರೇಕ್ಷಕರ ಕಣ್ಣಿಗೆ ಸಂದೇಹವಿಲ್ಲದಂತೆ ಕಾಣಬೇಕೆಂಬುದೇ ಅದರ ಉದ್ದೇಶವೆಂಬುದು ಅವನ ವಾದದ ಸಾರ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇದು ಆಂಗಿಕಾಭಿನಯಪ್ರಧಾನವಾದ ರೂಪಕ. ವೀರ, ರೌದ್ರ, ಕರುಣಗಳು ಇದರ ರಸಗಳು. ಈ ಮಾತು ಒಪ್ಪತಕ್ಕದ್ದೇ. ಆದರೂ ಒಂದು ಭೇದವನ್ನು ಮರೆಯಬಾರದು. ನಾಟಕದಲ್ಲಿ ಭೀಮನ ಗದೆಯ ಪೆಟ್ಟು ತಿಂದ ದುರ್ಯೋಧನನು ತೆರೆ ಬಿದ್ದಮೇಲೆ ಎದ್ದು ಮನೆಗೆ ನಡೆದು ಹೋಗುತ್ತಾನೆ. ಕುಸ್ತಿಯ ಕಣದಲ್ಲಿ ಪಾತ್ರಕ್ಕೆ ಬಿದ್ದ ಪೆಟ್ಟು ಪಾತ್ರಧಾರಿಯ ಮೈಯಲ್ಲಿ ಉಳಿಯುತ್ತದೆ. ಬೆವಿಸಳ ಚರಿತ್ರೆಯ ಅರ್ಥವೆಲ್ಲ ಈ ಭೇದದಲ್ಲಿಯೇ ಅಡಗಿದೆ.

ಇಂಗ್ಲೆಂಡಿನಲ್ಲಿ ಈ ಆಟವು ೧೯೫೫ರಿಂದ ೧೯೮೮ರವರೆಗೆ ಐ.ಟಿ.ವಿ. ಎಂಬ ದೂರದರ್ಶನಜಾಲದ ಮೂಲಕ ಮನೆಮನೆಗೂ ತಲುಪುತ್ತಿತ್ತು. ಆ ಪ್ರಸಾರ ನಿಂತಮೇಲೆ ಅದು ಊರಿನ ಸಣ್ಣಪುಟ್ಟ ಸಭಾಂಗಣಗಳಿಗೂ ರಜಾಶಿಬಿರಗಳಿಗೂ ಹಿಂದಿರುಗಿತು. ಹೀಗೆ ಹೊರಜಗತ್ತು ಬಹುಮಟ್ಟಿಗೆ ಮರೆತುಬಿಟ್ಟಿದ್ದ ಕಲೆಯನ್ನು ಕುಲವೃತ್ತಿಯಂತೆ ಹಿಡಿದುಕೊಂಡಿದ್ದ ಮನೆಗಳಲ್ಲಿ ಬೆವಿಸರದು ಒಂದು. ತಂದೆ 'ರಿಕಿ ನೈಟ್', ತಾಯಿ 'ಸ್ವೀಟ್ ಸರಾಯಾ' ಎಂಬ ರಂಗನಾಮಗಳಿಂದ ಕಣಕ್ಕಿಳಿಯುತ್ತಿದ್ದರು. ಅಣ್ಣಂದಿರಾದ ರಾಯ್ ಮತ್ತು ಜ಼ಾಕ್ ಇಬ್ಬರೂ ಕುಸ್ತಿಗಾರರು. ನಾರ್ವಿಚ್ಚಿನಲ್ಲಿ 'ವರ್ಲ್ಡ್ ಅಸೋಸಿಯೇಷನ್ ಆಫ್ ರೆಸ್ಲಿಂಗ್' ಎಂಬ ಸಂಸ್ಥೆಯನ್ನು ಈ ಕುಟುಂಬವೇ ನಡೆಸುತ್ತಿತ್ತು. ೧೯೯೨ರ ಆಗಸ್ಟ್ ೧೭ರಂದು ಹುಟ್ಟಿದ ಸರಾಯಾ ೨೦೦೫ರಲ್ಲಿ, ಹದಿಮೂರರ ಹರೆಯದಲ್ಲಿ, ಕಣವನ್ನು ಪ್ರವೇಶಿಸಿದಳು. 'ಬ್ರಿಟನಿ ನೈಟ್' ಎಂಬ ಹೆಸರಿನಿಂದ ಪ್ರಸಿದ್ಧಳಾದಳು. ೨೦೧೧ರಲ್ಲಿ ಅಮೆರಿಕದ 'ಷಿಮರ್' ಎಂಬ ಮಹಿಳಾಕುಸ್ತಿ ಸಂಸ್ಥೆಯ ಆಟಗಳಲ್ಲಿ ತಾಯಿಮಗಳು ಜೊತೆಯಾಗಿ ಕಣಕ್ಕಿಳಿದರು. ಅದೇ ವರ್ಷ ಅಮೆರಿಕದ ಡಬ್ಲ್ಯು.ಡಬ್ಲ್ಯು.ಇ. ಎಂಬ ಬಲಿಷ್ಠವಾದ ವ್ಯಾಪಾರಸಂಸ್ಥೆಯು ಆಕೆಯನ್ನು ತೆಗೆದುಕೊಂಡಿತು. ಅಲ್ಲಿ ಆಕೆಗೆ ದೊರೆತ ಹೆಸರು 'ಪೇಜ್'.

ಸಾಕ್ಷ್ಯಚಿತ್ರವನ್ನು ಮ್ಯಾಕ್ಸ್ ಫಿಷರ್ ಎಂಬವರು ಚಾನೆಲ್ ೪ರ ದೂರದರ್ಶನಕ್ಕಾಗಿ ತಯಾರಿಸಿದರು. ಕಥಾಚಿತ್ರವಾದ 'ಫೈಟಿಂಗ್ ವಿತ್ ಮೈ ಫ್ಯಾಮಿಲಿ'ಯನ್ನು ಬರೆದು ನಿರ್ದೇಶಿಸಿದವರು ಸ್ಟೀಫನ್ ಮರ್ಚಂಟ್. ಸರಾಯಾಳ ಪಾತ್ರವನ್ನು ಫ್ಲಾರೆನ್ಸ್ ಪ್ಯೂ, ಜ಼ಾಕನ ಪಾತ್ರವನ್ನು ಜಾಕ್ ಲೌಡನ್ ವಹಿಸಿದ್ದಾರೆ. ಚಿತ್ರದ ಹೆಸರಿನಲ್ಲಿಯೇ ಒಂದು ಶ್ಲೇಷೆಯಿದೆ. ನಮ್ಮ 'ಒಡನೆ' ಎಂಬ ಮಾತಿಗೂ ಇದೇ ಇಬ್ಬಗೆಯ ಶಕ್ತಿಯುಂಟು: 'ಮನೆಯವರೊಡನೆ ಕಾದುವುದು' ಎಂದರೆ ಅವರ ಪಕ್ಕದಲ್ಲಿ ನಿಂತು ಕಾದುವುದೂ ಆಗಬಹುದು, ಅವರಿಗೆ ಎದುರಾಗಿ ಕಾದುವುದೂ ಆಗಬಹುದು. ಚಿತ್ರವು ಈ ಎರಡರ್ಥಗಳನ್ನೂ ಸಾರ್ಥಕಗೊಳಿಸಿದೆ. ಪರೀಕ್ಷೆಗೆ ಹೋದ ಅಣ್ಣತಂಗಿಯರಲ್ಲಿ ತಂಗಿಯೊಬ್ಬಳೇ ಆಯ್ಕೆಯಾಗುತ್ತಾಳೆ. ಹುಟ್ಟಿದಂದಿನಿಂದ ಅದೊಂದನ್ನೇ ಕನಸು ಕಂಡ ಅಣ್ಣನು ನಾರ್ವಿಚ್ಚಿನಲ್ಲಿ ಉಳಿಯುತ್ತಾನೆ. ಆಕೆ ಫ್ಲಾರಿಡಾದಿಂದ ಕ್ರಿಸ್‌ಮಸ್ಸಿಗೆ ಮನೆಗೆ ಬಂದಾಗ ಏರ್ಪಟ್ಟ ಆಟದಲ್ಲಿ, ಗೊತ್ತುಮಾಡಿಕೊಂಡಿದ್ದ ಮೇರೆಯನ್ನು ಮೀರಿ ಅಣ್ಣನು ತನ್ನ ಒಳಗಿನ ಉರಿಯನ್ನೆಲ್ಲ ತಂಗಿಯ ಮೈಮೇಲೆ ತೀರಿಸಿಕೊಳ್ಳುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಈ ಚಿತ್ರದ ಅತ್ಯುತ್ತಮ ಭಾಗವಿದು. ನಂಬಿಕೆಯೇ ಈ ಕಲೆಯ ಅಡಿಗಲ್ಲೆಂಬುದನ್ನು, ಅದು ಮುರಿದ ಗಳಿಗೆಯಲ್ಲಿ ತೋರಿಸಿದಷ್ಟು ಚೆನ್ನಾಗಿ ಬೇರೆ ಯಾವ ವಿವರಣೆಯೂ ತೋರಿಸಲಾರದು. ಊರಲ್ಲೇ ಉಳಿದವನು ಅಲ್ಲಿನ ಹುಡುಗರಿಗೆ ವಿದ್ಯೆ ಕಲಿಸುತ್ತ, ಕ್ರಮೇಣ ತನ್ನ ಬೆಲೆಯನ್ನು ತಾನೇ ಕಂಡುಕೊಳ್ಳುವ ಕಥೆಯೂ ಹದವಾಗಿ ಬಂದಿದೆ.

ಇಷ್ಟು ಗುಣಗಳಿರುವ ಚಿತ್ರದ ದೋಷಗಳೂ ವಿಚಾರಾರ್ಹವಾದುವೇ. ಮೊದಲನೆಯದು, ಕಥಾನಾಯಿಕೆಯ ವಿದ್ಯೆಯನ್ನು ಕುಗ್ಗಿಸಿರುವುದು. ಚಿತ್ರದ ಪೇಜ್ ಅಮೆರಿಕದ ಪ್ರೇಕ್ಷಕರ ಮುಂದೆ ಮಾತುಬಾರದೆ ನಿಲ್ಲುವ ಅಂಜುಬುರುಕ ಹುಡುಗಿ; ಕಡೆಯ ಗಳಿಗೆಯಲ್ಲಿ ಧೈರ್ಯ ತಂದುಕೊಂಡು ಒಮ್ಮೆಲೇ ಗೆದ್ದುಬಿಡುತ್ತಾಳೆ. ನಡೆದ ಸಂಗತಿ ಬೇರೆ. ಅಮೆರಿಕಕ್ಕೆ ಹೋಗುವ ವೇಳೆಗೆ ಆಕೆಗೆ ಆರು ವರ್ಷಗಳ ಅನುಭವವಿತ್ತು. ಆ ಸಂಸ್ಥೆಯ ಶಿಕ್ಷಣವಿಭಾಗವಾದ ಎನ್.ಎಕ್ಸ್.ಟಿ.ಯಲ್ಲಿ ೨೦೧೩ರಲ್ಲಿ ಮೊಟ್ಟಮೊದಲ ಮಹಿಳಾ ಚಾಂಪಿಯನ್ ಪದವಿ ಆಕೆಗೇ ಸಂದಿತು. ೨೦೧೪ರ ಫೆಬ್ರವರಿ ೨೭ರಂದು ಆಸ್ಟ್ರೇಲಿಯಾದ ಎಮ್ಮಾಳೊಡನೆ ನಡೆದ ಆಟವು, ಹೆಂಗಸರ ಕುಸ್ತಿಯನ್ನು ಗಂಡಸರ ಆಟಗಳ ನಡುವಣ ಬಿಡುವೆಂದು ಎಣಿಸುತ್ತಿದ್ದವರ ಕಣ್ಣು ತೆರೆಸುವಂತಿತ್ತು. ಈ ಅಧ್ಯಾಯವೆಲ್ಲ ಚಿತ್ರದಲ್ಲಿ ಬಿಟ್ಟುಹೋಗಿದೆ. ಕಥನಸೌಕರ್ಯಕ್ಕಾಗಿ ಕಾಲವನ್ನು ಸಂಕ್ಷೇಪಿಸುವುದು ಕವಿಗೆ ಸಲ್ಲುವ ಸ್ವಾತಂತ್ರ್ಯವೇ. ಆದರೆ ಇಲ್ಲಿ ಸಂಕ್ಷೇಪವಾದದ್ದು ಕಾಲ ಮಾತ್ರವಲ್ಲ, ಸಾಧನೆಯೂ ಹೌದು. ಅಭ್ಯಾಸದಿಂದ ಬಂದದ್ದು ಅದೃಷ್ಟದಿಂದ ಬಂದಂತೆ ಕಾಣುತ್ತದೆ. ಹಚ್ ಮಾರ್ಗನ್ ಎಂಬ ಕಲ್ಪಿತ ಗುರುವಿನ ಪಾತ್ರಕ್ಕೆ ಕೊಟ್ಟ ಹಿರಿಮೆಯಿಂದ, ಮಗಳಿಗೆ ವಿದ್ಯೆ ಕೊಟ್ಟ ಮನೆಯ ಹಿರಿಮೆಯೂ ಅಷ್ಟಕ್ಕಷ್ಟು ಕಡಿಮೆಯಾಗುತ್ತದೆ.

ಎರಡನೆಯ ದೋಷವು ಇನ್ನೂ ಆಳವಾದದ್ದು. ೨೦೧೪ರ ಏಪ್ರಿಲ್ ೭ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ, ೨೯೫ ದಿನಗಳಿಂದ 'ದಿವಾ' ಪದವಿಯನ್ನು ಹಿಡಿದಿದ್ದ ಎ. ಜೆ. ಲೀಯನ್ನು ಸೋಲಿಸಿ ಪೇಜ್ ಆ ಪದವಿಯನ್ನು ಪಡೆದಳು. ಆಗ ವಯಸ್ಸು ಇಪ್ಪತ್ತೊಂದು. ಅದನ್ನು ಅಷ್ಟು ಎಳವೆಯಲ್ಲಿ ಪಡೆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಚಿತ್ರವು ಈ ಘಟನೆಯಲ್ಲಿ ಮುಕ್ತಾಯವಾಗುತ್ತದೆ. ಇಂಥ ಕುಸ್ತಿಯಲ್ಲಿ ಎಲ್ಲವೂ ಮೊದಲೇ ಗೊತ್ತಾಗಿರುತ್ತದೆಂಬುದನ್ನು ತಾನೇ ತಿಳಿಸಿದ ಚಿತ್ರವು, ಕೊನೆಯ ಆಟದಲ್ಲಿ ಮಾತ್ರ 'ಗೆಲ್ಲುವಳೋ ಸೋಲುವಳೋ' ಎಂಬ ಕುತೂಹಲವನ್ನು ಕೆರಳಿಸಿ, ಆಕೆ ಎದುರಾಳಿಯನ್ನು ನಿಜವಾಗಿ ಜಯಿಸಿದಳೆಂಬಂತೆ ಸಂಭ್ರಮಿಸುತ್ತದೆ. ನಿಜವಾದ ಸಂಭ್ರಮದ ಕಾರಣವೇ ಬೇರೆ: ಸಾವಿರಾರು ಜನರ ಮನಸ್ಸನ್ನು ಹಿಡಿದು ನಿಲ್ಲಿಸಬಲ್ಲಳೆಂದು ಒಂದು ಸಂಸ್ಥೆಯು ಈಕೆಯನ್ನು ನಂಬಿತು, ಎದುರಾಳಿಯು ತನ್ನ ಸೋಲನ್ನು ಕುಶಲತೆಯಿಂದ ಅಭಿನಯಿಸಿ ಈಕೆಯ ಗೆಲುವನ್ನು ಕಟ್ಟಿಕೊಟ್ಟಳು. ಇದನ್ನು ತೋರಿಸಿದ್ದರೆ ಎ. ಜೆ. ಲೀಯ ಪಾತ್ರವೂ ಬೆಳಗುತ್ತಿತ್ತು. ಕ್ರೀಡಾಚಿತ್ರಗಳ ಹಳೆಯ ಅಚ್ಚಿನಲ್ಲಿ ಈ ಹೊಸ ವಸ್ತುವನ್ನು ಎರಕಹೊಯ್ದದ್ದೇ ತಪ್ಪಾಯಿತು.

'ದಿವಾ' ಎಂಬ ಶಬ್ದವನ್ನು ಕುರಿತು ಇಲ್ಲಿ ಒಂದೆರಡು ಮಾತು ಅಪ್ರಸ್ತುತವಾಗಲಾರದು. ಲ್ಯಾಟಿನ್ನಿನಲ್ಲಿ ಇದಕ್ಕೆ ದೇವಿಯೆಂದೇ ಅರ್ಥ; ಸಂಸ್ಕೃತದ 'ದೇವ' ಶಬ್ದಕ್ಕೂ ಇದಕ್ಕೂ ಮೂಲ ಒಂದೇ. ಇಟಾಲಿಯನ್ ಭಾಷೆಯ ಮೂಲಕ ಪ್ರಸಿದ್ಧ ಗಾಯಕಿಯರಿಗೆ ಸಂದ ಈ ಗೌರವಪದವನ್ನು ಕುಸ್ತಿಯ ವ್ಯಾಪಾರಿಗಳು ಹೆಂಗಸರಿಗೆ ಅಂಟಿಸಿದರು. ಗಂಡಸಿಗೆ ಚಾಂಪಿಯನ್ ಎಂಬ ಕಸುಬಿನ ಹೆಸರು, ಹೆಣ್ಣಿಗೆ ದೇವಿಯೆಂಬ ಅಲಂಕಾರದ ಹೆಸರು. ಪೂಜೆಯ ಮಾತಿನಿಂದಲೇ ಅವಗಣನೆ ನಡೆಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ೨೦೧೫ರ ಫೆಬ್ರವರಿ ೨೩ರಂದು ಪೇಜ್ ಮತ್ತು ಎಮ್ಮಾ ಒಂದು ಕಡೆ, ಬೆಲ್ಲಾ ಸಹೋದರಿಯರು ಇನ್ನೊಂದು ಕಡೆ ನಿಂತ ಆಟವನ್ನು ಸುಮಾರು ಮೂವತ್ತು ಸೆಕೆಂಡುಗಳಲ್ಲಿ ಮುಗಿಸಲಾಯಿತು. ಹೆಂಗಸರಿಗೂ ಅವಕಾಶ ಕೊಡಿರೆಂದು ಪ್ರೇಕ್ಷಕರೇ ದೊಡ್ಡ ಕೂಗೆಬ್ಬಿಸಿದರು. ೨೦೧೬ರ ಏಪ್ರಿಲ್ ೩ರಂದು ಸಂಸ್ಥೆಯು 'ದಿವಾ' ಪದವಿಯನ್ನು ತೆಗೆದುಹಾಕಿ ಮಹಿಳಾ ಚಾಂಪಿಯನ್ ಪದವಿಯನ್ನು ಸ್ಥಾಪಿಸಿತು. ಈ ಪರಿವರ್ತನೆಯ ಫಲವನ್ನು ಹೆಚ್ಚಾಗಿ ಉಂಡವರು ಆಮೇಲೆ ಬಂದವರು. ನೆಲವನ್ನು ಹಸನುಮಾಡಿದವರಲ್ಲಿ ನಾರ್ವಿಚ್ಚಿನ ಈ ಹುಡುಗಿಯೂ ಒಬ್ಬಳು.

ಇನ್ನು ಚಿತ್ರವು ಹೇಳದೆ ಬಿಟ್ಟ ಭಾಗ. ೨೦೧೬ರ ಅಕ್ಟೋಬರಿನಲ್ಲಿ ಆಕೆಯ ಕುತ್ತಿಗೆಗೆ ಶಸ್ತ್ರಚಿಕಿತ್ಸೆಯಾಯಿತು. ೨೦೧೭ರ ನವೆಂಬರಿನಲ್ಲಿ ಕಣಕ್ಕೆ ಮರಳಿದಳು. ಅದೇ ಡಿಸೆಂಬರ್ ೨೭ರಂದು, ದೂರದರ್ಶನದಲ್ಲಿ ಪ್ರಸಾರವಾಗದ ಒಂದು ಆಟದಲ್ಲಿ, ಎದುರಾಳಿಯ ಕಾಲಿನ ಒದೆತವು ಬೆನ್ನಿಗೆ ತಾಗಿತು; ಆಟವನ್ನು ನಿಲ್ಲಿಸಬೇಕಾಯಿತು. ದಿನವೂ ನಡೆಯುವ ಪಟ್ಟು ಅದು, ಯಾರದೂ ದುರುದ್ದೇಶವಿರಲಿಲ್ಲ. ೨೦೧೮ರ ಏಪ್ರಿಲ್ ೯ರಂದು, ನಾಲ್ಕು ವರ್ಷಗಳ ಹಿಂದೆ ಮೊದಲ ಗೆಲುವನ್ನು ಕಂಡಿದ್ದ ನ್ಯೂ ಆರ್ಲಿಯನ್ಸಿನ ಅದೇ ರಂಗದಲ್ಲಿ ನಿಂತು ಆಕೆ ಕುಸ್ತಿಯಿಂದ ನಿವೃತ್ತಿಯನ್ನು ಸಾರಿದಳು. ವಯಸ್ಸು ಇಪ್ಪತ್ತೈದು. ಇದಾದ ಮರುವರ್ಷ ಚಿತ್ರವು ಬೆಳಕು ಕಂಡಿತು. ೨೦೧೪ರ ಗೆಲುವಿನಲ್ಲಿ ಮುಗಿಯುವ ಆ ಕಥೆಯನ್ನು, ೨೦೧೮ರ ಬೀಳ್ಕೊಡುಗೆಯನ್ನು ಬಲ್ಲ ಪ್ರೇಕ್ಷಕನು ನೋಡಬೇಕಾಯಿತು. ಗೆಲುವು ಲಿಖಿತವಾಗಿತ್ತು, ಪೆಟ್ಟು ಲಿಖಿತವಾಗಿರಲಿಲ್ಲ. ಯಾವುದನ್ನು ಸಂಸ್ಥೆಯು ಬರೆದುಕೊಟ್ಟಿತೋ ಅದನ್ನು ಚಿತ್ರವು ನಿಜವೆಂದು ಹಿಡಿಯಿತು. ಯಾವುದನ್ನು ಯಾರೂ ಬರೆಯಲಿಲ್ಲವೋ ಅದನ್ನು ಬಿಟ್ಟಿತು. ಆ ಸಂಸ್ಥೆಯೂ ಚಿತ್ರದ ನಿರ್ಮಾಣದಲ್ಲಿ ಪಾಲುಗೊಂಡಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ಜೀವನವು ಚಿತ್ರದೊಡನೆಯೂ ಮುಗಿಯಲಿಲ್ಲ, ನಿವೃತ್ತಿಯೊಡನೆಯೂ ಮುಗಿಯಲಿಲ್ಲ. ೨೦೨೨ರ ಜುಲೈನಲ್ಲಿ ಆಕೆ ಆ ಸಂಸ್ಥೆಯನ್ನು ಬಿಟ್ಟು, ಸೆಪ್ಟೆಂಬರಿನಲ್ಲಿ ಎ.ಇ.ಡಬ್ಲ್ಯು. ಎಂಬ ಬೇರೊಂದು ಸಂಸ್ಥೆಯನ್ನು ಸೇರಿದಳು. 'ಪೇಜ್' ಎಂಬ ಹೆಸರು ಹಳೆಯ ಸಂಸ್ಥೆಯಲ್ಲಿಯೇ ಉಳಿಯಿತು. ಈಕೆ 'ಸರಾಯಾ' ಎಂಬ ಹೆಸರಿನಿಂದ ಕಾಣಿಸಿಕೊಂಡಳು. ಅದು ಈಕೆಯ ಜನ್ಮನಾಮ. ಹಾಗೆಯೇ ತಾಯಿಯ ರಂಗನಾಮ. ವೇಷವನ್ನು ಕಳಚಿ ಸ್ವಂತ ಹೆಸರಿಗೆ ಬಂದವಳು, ಆ ಹೆಸರೇ ಕಣದಿಂದ ಬಂದದ್ದೆಂಬಂಥ ಮನೆಯವಳು! ಇಂಥ ಮನೆತನದಲ್ಲಿ ನಟನೆ ಎಲ್ಲಿ ಮುಗಿಯಿತು, ಬಾಳು ಎಲ್ಲಿ ತೊಡಗಿತು ಎಂದು ಗೆರೆಯೆಳೆಯುವುದು ಸಾಧ್ಯವಿಲ್ಲ. ೨೦೨೨ರ ನವೆಂಬರ್ ೧೯ರಂದು ಆಕೆ ಮತ್ತೆ ಕುಸ್ತಿಯಾಡಿದಳು. ೨೦೨೩ರ ಆಗಸ್ಟ್ ೨೭ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ನಾಲ್ವರ ಆಟದಲ್ಲಿ, ತನ್ನ ಮನೆಯವರ ಕಣ್ಣೆದುರಿಗೆ ಜಗತ್ಪದವಿಯನ್ನು ಪಡೆದಳು. ಅಕ್ಟೋಬರಿನಲ್ಲಿ ಅದನ್ನು ಕಳೆದುಕೊಂಡಳು. ೨೦೨೫ರಲ್ಲಿ ಆ ಸಂಸ್ಥೆಯನ್ನೂ ಬಿಟ್ಟಳು. ವೆಂಬ್ಲಿಯ ಗೆಲುವೂ ಗೊತ್ತುಮಾಡಿದ ಗೆಲುವೇ. ಆದರೆ ಶಸ್ತ್ರಚಿಕಿತ್ಸೆಯಾದ ಕುತ್ತಿಗೆಯನ್ನು ಎದುರಾಳಿಗಳ ಕೈಗೆ ನಂಬಿ ಒಪ್ಪಿಸಿದ ಆ ಸಾಹಸವನ್ನು ಯಾರು ಗೊತ್ತುಮಾಡಬಲ್ಲರು?

ಈ ವಿಚಾರದಿಂದ ಫಲಿಸುವ ಸಿದ್ಧಾಂತವನ್ನು ಸಂಗ್ರಹವಾಗಿ ಹೇಳಬಹುದು. ಇಂಥ ಕಲಾವಿದರ ಚರಿತ್ರೆಯಲ್ಲಿ ಪದವಿಗಳ ಪಟ್ಟಿ ಹೊರಚಿಪ್ಪು. ವಿದ್ಯೆಯನ್ನು ಪಡೆದ ಬಗೆ, ಇನ್ನೊಬ್ಬರ ಮೈಯನ್ನು ಕಾಪಾಡಿದ ಬಗೆ, ತನ್ನ ಮೈ ತೆತ್ತ ಬೆಲೆ, ಇವು ಒಳತಿರುಳು. ಮರ್ಚಂಟರ ಚಿತ್ರವು ಅಣ್ಣತಂಗಿಯರ ಆಟದಲ್ಲಿ ಈ ತಿರುಳನ್ನು ಮುಟ್ಟಿದೆ. ಮುಕ್ತಾಯದಲ್ಲಿ ಚಿಪ್ಪನ್ನು ಎತ್ತಿ ಹಿಡಿದಿದೆ. ಆದಕಾರಣ ಇದು ಒಳ್ಳೆಯ ಕುಟುಂಬಕಥೆ, ಅರೆಯಾದ ಜೀವನಚರಿತ್ರೆ. ಕವಿಚರಿತ್ರೆಗಳನ್ನೂ ನಟರ ಚರಿತ್ರೆಗಳನ್ನೂ ಬರೆಯುವ ನಮ್ಮವರು ಬಿರುದುಗಳ ಎಣಿಕೆಯಲ್ಲಿ ಮೈಮರೆಯುವ ಮೊದಲು ಈ ಭೇದವನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.