ರಿಂಗಿಲ್ಲದ ಬೀಮು

ತೆಲಂಗಾಣದ ಗುಂಡುಮಾಲ್, ಮಕ್ತಲ್, ನಾರಾಯಣಪೇಟೆ ಕಡೆಯಿಂದ ದುಡಿಯಲು ಹೋದವರನ್ನು ದೇಶದುದ್ದಕ್ಕೂ ಪಾಲಮೂರು ಲೇಬರ್ ಎಂದೇ ಕರೆಯುತ್ತಾರೆ. ಅಣೆಕಟ್ಟು, ಕಾಲುವೆಗಳಿಗೆ ಮಣ್ಣು ಹೊತ್ತ ಜನ ಅವರು. ಈಗ ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡಗಳಲ್ಲಿ ಕಂಬಿ ಕಟ್ಟುವವರಿಗೆ ಒಂದು ಮಾತು ಕೈಗೇ ಗೊತ್ತು: ಬೀಮು ಕಂಬಕ್ಕೆ ಕೂಡುವಲ್ಲಿ, ಉದ್ದ ಕಂಬಿಗಳನ್ನು ಸುತ್ತುವ ರಿಂಗು ಒತ್ತೊತ್ತಾಗಿ ಬರಬೇಕು, ನಡುವೆ ಅಗಲವಾದರೂ ನಡೆದೀತು. ಕಂಬದ ಬಳಿ ಶಿಯರ್, ಅಂದರೆ ಬೀಮನ್ನು ಅಡ್ಡಕ್ಕೆ ಕತ್ತರಿಸುವ ಬಲ, ಹೆಚ್ಚು. ಅಲ್ಲಿ ಬಿರುಕು ಓರೆಯಾಗಿ ಏಳುತ್ತದೆ, ರಿಂಗು ಆ ಬಿರುಕನ್ನು ಹೊಲಿಗೆಯಂತೆ ಹಿಡಿದಿಡುತ್ತದೆ. ರಿಂಗಿಲ್ಲದಿದ್ದರೆ ಬೀಮು ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಕಡಿದು ಬೀಳುತ್ತದೆ. 1955ರಲ್ಲಿ ಅಮೆರಿಕದ ಓಹಾಯೊದಲ್ಲಿ ವಾಯುಪಡೆಯ ಗೋದಾಮಿನ ಚಾವಣಿ ಬಿದ್ದದ್ದು ಹೀಗೆ. ಮುರಿದ ಜಾಗದಲ್ಲಿ ರಿಂಗುಗಳಿರಲಿಲ್ಲ. ಚಾವಣಿಯ ಮೇಲೆ ಅದರದೇ ಭಾರ ಬಿಟ್ಟು ಬೇರೇನೂ ಇರಲಿಲ್ಲ.

ಈಗ ಬಂದಿರುವ ಯುಎಚ್‌ಪಿಸಿ ಎಂಬ ಅತಿಗಟ್ಟಿ ಕಾಂಕ್ರೀಟು ಆ ರಿಂಗನ್ನೇ ಕೈಬಿಡಬಹುದು ಎನ್ನುತ್ತದೆ. ಅದರಲ್ಲಿ ಖಡಿ ಇಲ್ಲ. ಸಿಮೆಂಟು, ಸಿಲಿಕಾ ಫ್ಯೂಮ್, ನುಣ್ಣನೆಯ ಉಸುಕು, ತೀರಾ ಕಡಿಮೆ ನೀರು. ಜೊತೆಗೆ ಸಾಮಾನ್ಯವಾಗಿ 13 ಮಿ.ಮೀ. ಉದ್ದ, 0.2 ಮಿ.ಮೀ. ದಪ್ಪದ ಉಕ್ಕಿನ ಎಳೆಗಳು. ಗಾತ್ರದಲ್ಲಿ 2% ಎಳೆ ಎಂದರೆ ಘನ ಮೀಟರಿಗೆ ಸುಮಾರು 157 ಕೆಜಿ ಉಕ್ಕು. ಒತ್ತಡ ತಾಳುವ ಶಕ್ತಿ 150 ಮೆಗಾಪಾಸ್ಕಲ್ ಮುಟ್ಟುತ್ತದೆ. 2006ರಲ್ಲಿ ತೆರೆದ, ಅಮೆರಿಕದ ಅಯೋವಾದ ಮಾರ್ಸ್ ಹಿಲ್ ಸೇತುವೆಯ ಗರ್ಡರುಗಳನ್ನು ರಿಂಗಿಲ್ಲದೆಯೇ ಎರಕ ಹೊಯ್ದರು. ಇದು ಸಣ್ಣ ಸಾಧನೆಯಲ್ಲ. ರಿಂಗು ಹೋದರೆ ಗರ್ಡರಿನ ನಡುಗೋಡೆ ತೆಳುವಾಗುತ್ತದೆ, ತೂಕ ಇಳಿಯುತ್ತದೆ. ಕೃಷ್ಣೆಯಂಥ ಅಗಲದ ಹೊಳೆಗೆ ಕಂಬಗಳನ್ನು ದೂರ ದೂರ ನಿಲ್ಲಿಸಬಹುದು.

ಆದರೆ ಇದನ್ನು ಹೊಗಳುವವರು 150 ಎಂಬ ಅಂಕಿಯನ್ನೇ ಮುಂದೆ ಹಿಡಿಯುತ್ತಾರೆ. ನನ್ನ ತಕರಾರು ಅಲ್ಲೇ. ನಮ್ಮ ಕಾಂಕ್ರೀಟು ಮಾನದಂಡ ಐಎಸ್ 456ರ ಕೋಷ್ಟಕ ನೋಡಿ: ಶೇ. 1ರಷ್ಟು ಕಂಬಿ ಇರುವ ಬೀಮಿನಲ್ಲಿ ಎಂ20 ಕಾಂಕ್ರೀಟು ಹೊರುವ ಶಿಯರ್ 0.62 ಮೆಗಾಪಾಸ್ಕಲ್, ಎಂ40 ಹೊರುವುದು 0.68. ಗಟ್ಟಿತನ ಇಮ್ಮಡಿಯಾದರೂ ಶಿಯರ್ ಹತ್ತರಲ್ಲೊಂದು ಪಾಲು ಏರಿತಷ್ಟೆ. ಎಂ40 ದಾಟಿದರೆ ಕೋಷ್ಟಕ ಅಲ್ಲೇ ನಿಲ್ಲುತ್ತದೆ. ಸಾದಾ ಕಾಂಕ್ರೀಟಿನಲ್ಲಿ ಬಿರುಕು ಖಡಿಯನ್ನು ಬಳಸಿಕೊಂಡು ಸಾಗುತ್ತದೆ. ಉಬ್ಬುತಗ್ಗಿನ ಆ ಎರಡು ಮೈ ಒಂದಕ್ಕೊಂದು ಹಲ್ಲು ಕಚ್ಚಿ ಶಿಯರಿನ ಒಂದು ಪಾಲು ಹೊರುತ್ತವೆ. ಖಡಿಯೇ ಇಲ್ಲದ ಯುಎಚ್‌ಪಿಸಿಯಲ್ಲಿ ಬಿರುಕಿನ ಮೈ ನುಣುಪು, ಕಚ್ಚಲು ಹಲ್ಲಿಲ್ಲ. ಎಳೆ ತೆಗೆದರೆ ಅದು ಶಾಬಾದ್ ಕಲ್ಲಿನ ಹಾಗೆ: ಗಟ್ಟಿ, ಆದರೆ ಒಡೆದರೆ ನೇರ ಎರಡು ಹೋಳು. ಶಿಯರಿನ ಭರವಸೆಯೆಲ್ಲ ಎಳೆಗಳ ಮೇಲೆ.

ಎಳೆಗಳಾದರೋ ಎರಕ ಹರಿದ ಕಡೆಗೆ ಮಲಗುತ್ತವೆ. ಬಿರುಕಿಗೆ ಅಡ್ಡಲಾಗಿ ಮಲಗಿದ್ದು ಹಿಡಿಯುತ್ತದೆ, ಅದರ ಉದ್ದಕ್ಕೆ ಮಲಗಿದ್ದು ಇದ್ದೂ ಇಲ್ಲದಂತೆ. ಎರಡು ಕಡೆಯಿಂದ ಹೊಯ್ದ ಎರಕ ಸೇರುವ ಗೆರೆಯನ್ನು ಎಳೆಗಳು ದಾಟುವುದೇ ವಿರಳ. ಸಾದಾ ಕಾಂಕ್ರೀಟಿನ ರೂಢಿಯಲ್ಲಿ ವೈಬ್ರೇಟರ್ ಇಳಿಬಿಟ್ಟರೆ ಅವು ಇನ್ನಷ್ಟು ಚದುರುತ್ತವೆ, ತಳಕ್ಕೆ ಇಳಿಯುತ್ತವೆ. ರಿಂಗನ್ನು ಎರಕಕ್ಕೆ ಮೊದಲು ಕಣ್ಣಿಂದ ಎಣಿಸಬಹುದಿತ್ತು. ಎಳೆಯನ್ನು ಎಣಿಸುವವರು ಯಾರು? ಕ್ಯೂಬ್ ಟೆಸ್ಟು ಇದನ್ನು ಹೇಳದು. ಎಳೆ ಎತ್ತ ಮಲಗಿದ್ದರೂ ಕ್ಯೂಬು ಪಾಸಾಗುತ್ತದೆ.

ಈ ಕಾಂಕ್ರೀಟಿಗೆಂದೇ ಇರುವ 2016ರ ಫ್ರೆಂಚ್ ಮಾನದಂಡ ಈ ಅಳುಕನ್ನು ಲೆಕ್ಕಕ್ಕೇ ಸೇರಿಸಿದೆ, ಅದಕ್ಕೇ ನನಗೆ ಅದು ಮೆಚ್ಚುಗೆ. ಕಾಂಕ್ರೀಟು, ರಿಂಗು, ಎಳೆ ಮೂರರ ಪಾಲನ್ನೂ ಬೇರೆ ಬೇರೆ ಕೂಡಿಸುತ್ತದೆ. ಎಳೆಯ ಪಾಲನ್ನು ಮೊದಲ ಅಂದಾಜಿನಲ್ಲಿ 1.25ರಿಂದ, ಒಂದೇ ಜಾಗದಲ್ಲಿ ಭಾರ ಬೀಳುವಲ್ಲಿ 1.75ರಿಂದ ಭಾಗಿಸುತ್ತದೆ. ಆಮೇಲೆ ಮಾದರಿಯೊಂದನ್ನು ನಿಜ ಅಚ್ಚಿನಲ್ಲೇ ಹೊಯ್ದು, ಅದರಿಂದ ತುಂಡುಗಳನ್ನು ಕೊಯ್ದು ಪರೀಕ್ಷಿಸಿ, ಆ ಭಾಜಕವನ್ನು ತಿದ್ದಬೇಕು.

ಎರಡು ಕೋಣೆಯ ಮನೆಗೆ ಇದು ಬೇಡದ ಖರ್ಚು. ಊರಿನ ಮೇಸ್ತ್ರಿ ಬಾಗಿಸುವ 8 ಎಂಎಂ ರಿಂಗೇ ಅಲ್ಲಿ ಸಾಕು. ದೊಡ್ಡ ಸೇತುವೆಗೆ, ಫ್ಯಾಕ್ಟರಿಯಲ್ಲಿ ಎರಕ ಹೊಯ್ದ ಗರ್ಡರಿಗೆ ಬರಲಿ. ಆದರೆ ಮಾದರಿ ಹೊಯ್ದು ಕೊಯ್ಯುವ ಕೆಲಸಕ್ಕೆ ಟೆಂಡರಿನಲ್ಲೇ ದುಡ್ಡು ಇಡಬೇಕು. ಇಟ್ಟಿಲ್ಲವಾದರೆ, ಕಂಬದ ಬಳಿ ರಿಂಗು ಒತ್ತೊತ್ತಾಗಿಯೇ ಬರಲಿ.