ಲಿಸ್ಟನ ದೇಶವೂ ಲಿಸ್ಟನ ಸಂಗೀತವೂ

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಫ್ರಾನ್ಜ್ ಲಿಸ್ಟನ ಹೆಸರು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ: ಈತನು ಯಾವ ದೇಶದವನು? ಜರ್ಮನರು ಅವನನ್ನು ತಮ್ಮವನೆಂದಿದ್ದಾರೆ, ಹಂಗೆರಿಯವರು ತಮ್ಮವನೆಂದಿದ್ದಾರೆ, ಫ್ರೆಂಚರ ಹಕ್ಕೂ ಸಣ್ಣದೇನಲ್ಲ. ಪ್ರಶ್ನೆ ಕೇವಲ ಕುತೂಹಲದ್ದಾಗಿದ್ದರೆ ಅದನ್ನು ಜೀವನಚರಿತ್ರಕಾರರಿಗೆ ಬಿಟ್ಟು ಸುಮ್ಮನಿರಬಹುದಾಗಿತ್ತು. ಆದರೆ ಅವನ ಕೃತಿಗಳಿಗೆ ಬೆಲೆ ಕಟ್ಟುವಾಗಲೂ ಇದೇ ಪ್ರಶ್ನೆಯ ಉತ್ತರವನ್ನು ತಕ್ಕಡಿಯಾಗಿ ಬಳಸುತ್ತ ಬಂದಿರುವುದರಿಂದ ವಿಮರ್ಶಕನು ಇದನ್ನು ಬಿಡಿಸಿ ನೋಡಲೇಬೇಕಾಗಿದೆ. ವ್ಯಕ್ತಿ ಯಾರವನು ಎಂಬುದು ಒಂದು ವಿಚಾರ. ಅವನ ಸಂಗೀತ ಎಲ್ಲಿಂದ ಬಂದಿತು ಎಂಬುದು ಮತ್ತೊಂದು. ಎರಡನ್ನೂ ಒಂದೆಂದು ತಿಳಿದುದರಿಂದ ಲಿಸ್ಟನಿಗೂ ಅನ್ಯಾಯವಾಗಿದೆ, ಅವನಿಗಿಂತ ಹೆಚ್ಚಾಗಿ ಬೇರೆ ಕೆಲವರಿಗೂ ಅನ್ಯಾಯವಾಗಿದೆ.

ಲಿಸ್ಟನು 1811ರ ಅಕ್ಟೋಬರ್ 22ರಂದು ಜನಿಸಿದ ಗ್ರಾಮಕ್ಕೆ ಜರ್ಮನ್ ಭಾಷೆಯಲ್ಲಿ ರೈಡಿಂಗ್ ಎಂದೂ ಹಂಗೆರಿಯ ಭಾಷೆಯಲ್ಲಿ ಡೊಬೊರ್ಯಾನ್ ಎಂದೂ ಹೆಸರು. ಅಂದು ಅದು ಹಂಗೆರಿ ರಾಜ್ಯದ ಭಾಗ. 1921ರಲ್ಲಿ ಆಸ್ಟ್ರಿಯಾಕ್ಕೆ ಸೇರಿತು. ತಂದೆ ಆಡಮ್ ಎಸ್ಟರ್‌ಹಾಜಿ ಪ್ರಭುಗಳ ಜಮೀನಿನಲ್ಲಿ ಕುರಿಮಂದೆಗಳ ಲೆಕ್ಕಪತ್ರ ನೋಡುತ್ತಿದ್ದವನು. ತಾಯಿ ಆಸ್ಟ್ರಿಯಾದ ಕ್ರೆಮ್ಸ್ ಊರಿನವಳು. ಮನೆಮಾತು ಜರ್ಮನ್. ವಂಶದ ಹೆಸರಿಗೆ ಹಂಗೆರಿಯ ಕಾಗುಣಿತವನ್ನು ಹೊಂದಿಸಿ ಒಂದು ಅಕ್ಷರವನ್ನು ನಡುವೆ ಸೇರಿಸಿದ್ದರಿಂದ ಆ ಭಾಷೆಯಲ್ಲಿ ಅದಕ್ಕೆ 'ಹಿಟ್ಟು' ಎಂಬ ಅರ್ಥ ಬಂದುಬಿಟ್ಟಿತು! ಬಾಲಕನು ವಿಯೆನ್ನಾದಲ್ಲಿ ಚೆರ್ನಿ ಮತ್ತು ಸಾಲಿಯೇರಿಯರಲ್ಲಿ ಅಭ್ಯಾಸ ಮಾಡಿ 1823ರ ಕೊನೆಯಲ್ಲಿ ಪ್ಯಾರಿಸ್ಸಿಗೆ ಹೋದಾಗ, ಅಲ್ಲಿಯ ಸಂಗೀತ ವಿದ್ಯಾಲಯವು ಪರದೇಶಿಯೆಂಬ ಕಾರಣದಿಂದ ಅವನನ್ನು ಸೇರಿಸಿಕೊಳ್ಳಲಿಲ್ಲ. ಹಾಗೆ ಹೇಳಿ ಕಳುಹಿಸಿದ ನಿರ್ದೇಶಕ ಕೆರೂಬೀನಿ ತಾನೇ ಇಟಲಿಯವನು ಎಂಬುದನ್ನು ಇಲ್ಲಿ ನೆನೆಯಬಹುದು. ಆದರೂ ಆ ನಗರವೇ ಲಿಸ್ಟನನ್ನು ಬೆಳೆಸಿತು. ಫ್ರೆಂಚ್ ಅವನ ಬರವಣಿಗೆಯ ಭಾಷೆಯಾಯಿತು.

ಇಂಥವನು ತನ್ನನ್ನು ಹಂಗೆರಿಯವನೆಂದು ಕರೆದುಕೊಂಡನು. 1838ರಲ್ಲಿ ಡ್ಯಾನ್ಯೂಬ್ ನದಿಯ ಪ್ರವಾಹದಿಂದ ಪೆಸ್ಟ್ ನಗರ ಹಾಳಾದ ಸುದ್ದಿ ವೆನಿಸ್ಸಿನಲ್ಲಿದ್ದ ಅವನಿಗೆ ತಲುಪಿತು. ಕೂಡಲೆ ವಿಯೆನ್ನಾಕ್ಕೆ ಹೋಗಿ ಸಂತ್ರಸ್ತರಿಗಾಗಿ ಕಚೇರಿಗಳನ್ನು ನಡೆಸಿದನು. 1840ರ ಜನವರಿ 4ರಂದು ಪೆಸ್ಟ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಅವನಿಗೆ ಗೌರವದ ಖಡ್ಗವನ್ನು ಅರ್ಪಿಸಿದಾಗ ಅವನು ಉತ್ತರ ಕೊಟ್ಟುದು ಫ್ರೆಂಚಿನಲ್ಲಿ. ಯೂರೋಪಿನ ಪತ್ರಿಕೆಗಳು ಇದನ್ನು ನೋಡಿ ನಕ್ಕವು. ಹಂಗೆರಿಯ ಭಾಷೆ ಅವನಿಗೆ ಕೊನೆಯವರೆಗೂ ವಶವಾಗಲಿಲ್ಲ; ಆ ಕೊರತೆಯನ್ನು ಒಪ್ಪಿಕೊಳ್ಳುತ್ತಲೇ, ಹೃದಯದಿಂದಲೂ ಬುದ್ಧಿಯಿಂದಲೂ ತಾನು ಹಂಗೆರಿಯವನೆಂದು 1873ರಲ್ಲಿ ಮಿತ್ರನೊಬ್ಬನಿಗೆ ಬರೆದನು. ಇದು ಬರಿಯ ಮಾತಲ್ಲವೆಂಬುದಕ್ಕೆ 1875ರಲ್ಲಿ ಬುಡಾಪೆಸ್ಟಿನಲ್ಲಿ ಸ್ಥಾಪಿತವಾದ ಸಂಗೀತ ಅಕಾಡೆಮಿಯೇ ಸಾಕ್ಷಿ. ಅದರ ಮೊದಲ ಅಧ್ಯಕ್ಷ ಅವನೇ.

ಹುಟ್ಟು, ರಕ್ತ, ಭಾಷೆಗಳನ್ನು ಅಳೆದು ದೇಶೀಯತೆಯನ್ನು ನಿರ್ಣಯಿಸುವವರಿಗೆ ಲಿಸ್ಟನು ಎಂದೂ ಸಿಗುವವನಲ್ಲ. ಅವನ ದೇಶೀಯತೆ ಸಂಕಲ್ಪದಿಂದ ಬಂದುದು. ಸಂಕಲ್ಪವನ್ನು ಆಚರಣೆಯಿಂದ ಪರೀಕ್ಷಿಸಬೇಕೇ ಹೊರತು ಮನೆಮಾತಿನಿಂದಲ್ಲ. 1936ರಲ್ಲಿ ಹಂಗೆರಿಯ ವಿಜ್ಞಾನ ಅಕಾಡೆಮಿಯಲ್ಲಿ ಮಾತನಾಡಿದ ಬೇಲಾ ಬಾರ್ಟೋಕನು, ಲಿಸ್ಟನು ತನ್ನನ್ನು ಹಂಗೆರಿಯವನೆಂದು ಹೇಳಿಕೊಂಡಿರುವುದರಿಂದ ಎಲ್ಲರೂ ಅದನ್ನು ಒಪ್ಪಬೇಕೆಂದು ತೀರ್ಮಾನಿಸಿದನು. ಈ ತೀರ್ಮಾನ ಯುಕ್ತವಾದುದು. ಇದಕ್ಕೆ ಮೇಲೆ ಹೇಳಬೇಕಾದುದೇನೂ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ 1859ರಲ್ಲಿ ಬ್ರೆಂಡೆಲ್ ಎಂಬ ವಿಮರ್ಶಕನು 'ನವ ಜರ್ಮನ್ ಪಂಥ'ವೆಂಬ ಹೆಸರನ್ನು ಸೂಚಿಸಿ, ವಾಗ್ನರನ ಜೊತೆಗೆ ಲಿಸ್ಟನನ್ನೂ, ಫ್ರೆಂಚನಾದ ಬೆರ್ಲಿಯೋಜನನ್ನೂ ಅದರೊಳಗೆ ಸೇರಿಸಿದ್ದನು. ಹೆಸರಿನ ಈ ಔದಾರ್ಯದಲ್ಲಿ ನುಂಗುವ ಬಯಕೆಯೂ ಇದ್ದಿತು. 1941ರಲ್ಲಿ ರಷ್ಯಾದ ಮೇಲಿನ ದಾಳಿಯ ವಾರ್ತೆಗಳಿಗೆ ಮೊದಲು ಜರ್ಮನ್ ಆಕಾಶವಾಣಿಯು ಲಿಸ್ಟನ 'ಲೆ ಪ್ರೆಲ್ಯೂಡ್' ಕೃತಿಯ ಘೋಷವನ್ನೇ ಮೊಳಗಿಸಿತು.

ಇನ್ನು ಎರಡನೆಯ ವಿಚಾರ. ಇದೇ ಹೆಚ್ಚು ಜಟಿಲವಾದುದು. ಲಿಸ್ಟನ 19 ಹಂಗೆರಿಯನ್ ರಾಪ್ಸೊಡಿಗಳಲ್ಲಿ ಮೊದಲ 15 ಪ್ರಕಟವಾದುದು 1851ರಿಂದ 1853ರೊಳಗೆ. ಅವುಗಳ ಮೂಲ 'ವೆರ್ಬುಂಕೋಶ್' ಎಂಬ ಶೈಲಿ. ಸೈನ್ಯಕ್ಕೆ ಯುವಕರನ್ನು ಸೇರಿಸಿಕೊಳ್ಳುವಾಗ ಆಡುತ್ತಿದ್ದ ಕುಣಿತದಿಂದ ಅದು ಹದಿನೆಂಟನೆಯ ಶತಮಾನದಲ್ಲಿ ಬೆಳೆಯಿತು. ಮೊದಲು 'ಲಾಶ್ಶೂ' ಎಂಬ ವಿಲಂಬ ಭಾಗ, ಅನಂತರ 'ಫ್ರಿಶ್' ಎಂಬ ದ್ರುತ ಭಾಗ. ಅದನ್ನು ನುಡಿಸುತ್ತಿದ್ದವರು ಬಹುಪಾಲು ಜಿಪ್ಸಿಗಳೆಂದು ಆಗ ಕರೆಯಲ್ಪಡುತ್ತಿದ್ದ ರೋಮಾ ಜನರು. ಅವರ ಮೇಳದಲ್ಲಿ ಪಿಟೀಲು, ನಮ್ಮ ಸಂತೂರನ್ನು ಹೋಲುವ ಸಿಂಬಲೊಮ್ ಪ್ರಧಾನ. ಅವರಲ್ಲಿ ಯಾನೋಶ್ ಬಿಹಾರಿ (1764–1827) ಅತ್ಯಂತ ಪ್ರಸಿದ್ಧನು. ಅವನಿಗೆ ಸ್ವರಲಿಪಿ ತಿಳಿದಿರಲಿಲ್ಲ. ಅವನ ರಚನೆಗಳನ್ನು ಬೇರೆಯವರು ಬರೆದುಕೊಂಡರು.

1859ರಲ್ಲಿ ಲಿಸ್ಟನು ಹಂಗೆರಿಯ ಜಿಪ್ಸಿಗಳನ್ನೂ ಅವರ ಸಂಗೀತವನ್ನೂ ಕುರಿತು ಪ್ಯಾರಿಸ್ಸಿನಲ್ಲಿ ಫ್ರೆಂಚ್ ಗ್ರಂಥವೊಂದನ್ನು ಪ್ರಕಟಿಸಿ, ಹಂಗೆರಿಯ ಸಂಗೀತವೆನಿಸಿದುದೆಲ್ಲವೂ ಆ ಜನರ ಸ್ವಂತ ಸೃಷ್ಟಿಯೆಂದು ಸಾರಿದನು. ಹಂಗೆರಿಯಲ್ಲಿ ಕೋಲಾಹಲವಾಯಿತು. ಹತ್ತು ವರ್ಷಗಳ ಹಿಂದಷ್ಟೇ, 1849ರಲ್ಲಿ, ಸ್ವಾತಂತ್ರ್ಯ ಸಮರದಲ್ಲಿ ಸೋತಿದ್ದ ಜನತೆಗೆ ಸಂಗೀತವೊಂದೇ ತಮ್ಮದೆಂದು ಉಳಿದಿತ್ತು. ಅದನ್ನೂ ತಮ್ಮವನೇ ಕಿತ್ತು ಬೇರೆಯವರಿಗೆ ಕೊಟ್ಟನೆಂದು ಅವರು ನೊಂದರು. 1886ರ ಜುಲೈ 31ರಂದು ಬೈರಾಯ್ತಿನಲ್ಲಿ ತೀರಿಕೊಂಡ ಲಿಸ್ಟನ ಅವಶೇಷವನ್ನು ಸ್ವದೇಶಕ್ಕೆ ತರುವ ಪ್ರಶ್ನೆ ಮುಂದಿನ ವರ್ಷ ಸಂಸತ್ತಿನಲ್ಲಿ ಬಂದಾಗ ಪ್ರಧಾನಮಂತ್ರಿ ಕಾಲ್ಮಾನ್ ಟಿಸಾ ವಿರೋಧಿಸಿದುದು ಈ ಗ್ರಂಥದ ಕಾರಣದಿಂದಲೇ. ಗ್ರಂಥದಲ್ಲಿ ಯೆಹೂದ್ಯರ ವಿಷಯವಾಗಿ ಹೀನವಾದ ಮಾತುಗಳೂ ಉಂಟು. 1881ರ ಎರಡನೆಯ ಮುದ್ರಣದಲ್ಲಿ ಅವು ಮತ್ತಷ್ಟು ಬೆಳೆದುವು. ಅವು ಅವನ ಸಂಗಾತಿ ರಾಜಕುಮಾರಿ ಕರೋಲಿನಳ ಬರವಣಿಗೆಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಆದರೆ ಗ್ರಂಥದ ಮೇಲೆ ಹೆಸರು ತನ್ನದಾಗಿರುವಾಗ ಲಿಸ್ಟನು ಹೊಣೆಯಿಂದ ಪಾರಾಗಲಾರನು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾರ್ಟೋಕ್ ಮತ್ತು ಕೊಡಾಯ್ ಇಬ್ಬರೂ ಫೋನೋಗ್ರಾಫ್ ಯಂತ್ರವನ್ನು ಹೊತ್ತು ಹಳ್ಳಿಗಳಿಗೆ ಹೋದ ಮೇಲೆ ವಾದದ ಸ್ವರೂಪವೇ ಬದಲಾಯಿತು. ರೈತರ ಹಳೆಯ ಹಾಡುಗಳು ಬೇರೊಂದು ಜಾತಿಯವು. ಬಹಳಷ್ಟು ಐದು ಸ್ವರಗಳವು. ರೋಮಾ ವಾದಕರು ನಗರಗಳಲ್ಲಿ ನುಡಿಸುತ್ತಿದ್ದುದೋ, ಬಹುಮಟ್ಟಿಗೆ ಅಕ್ಷರಸ್ಥ ಹಂಗೆರಿಯವರು ರಚಿಸಿದ ಗೀತೆಗಳು. ಲಿಸ್ಟನು ಅನಾಮಿಕವೆಂದು ಬಗೆದು ಬಳಸಿದ ಕೆಲವು ಧಾಟಿಗಳಿಗೆ ಎಗ್ರೆಶಿ, ರೋಜವೊಲ್ಜಿ ಮೊದಲಾದ ಕರ್ತೃಗಳ ಹೆಸರುಗಳು ದೊರೆತಿವೆ. ಆದ್ದರಿಂದ ಅವನ ಗ್ರಂಥದ ಪ್ರತಿಪಾದನೆ ತಪ್ಪು ಎಂಬುದು ನಿರ್ವಿವಾದ.

ಆದರೆ ತಪ್ಪನ್ನು ತಿದ್ದಿದವರು ರೋಮಾ ವಾದಕರನ್ನು ಕೇವಲ ವಾಹಕರ ಸ್ಥಾನಕ್ಕೆ ಇಳಿಸಿದರು. ಅನ್ಯರ ಸರಕನ್ನು ಅಲಂಕರಿಸಿ ಮಾರಿದವರೆಂಬಂತೆ ಕಂಡರು. ಇಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ನಮ್ಮ ಸಂಗೀತಶಾಸ್ತ್ರದಲ್ಲಿ ಕಲ್ಪಿತ ಸಂಗೀತ, ಮನೋಧರ್ಮ ಸಂಗೀತ ಎಂಬ ವಿಭಾಗವುಂಟಷ್ಟೆ. ಕೃತಿ ವಾಗ್ಗೇಯಕಾರನದು, ಆಲಾಪನೆ, ನೆರವಲುಗಳು ಗಾಯಕನವು. ಕೃತಿಯ ಕರ್ತೃ ಬೇರೆಯವನೆಂಬ ಮಾತ್ರಕ್ಕೆ ಆಲಾಪನೆಯನ್ನು ಯಾರೂ ಎರವಲೆನ್ನುವುದಿಲ್ಲ. ಬಾರ್ಟೋಕನು ಕಲ್ಪಿತವನ್ನಷ್ಟೇ ಎಣಿಸಿದನು. ಲಿಸ್ಟನು ಮನೋಧರ್ಮದ ಬೆಡಗಿಗೆ ಮರುಳಾಗಿ ಕಲ್ಪಿತವನ್ನೂ ಅದರ ಲೆಕ್ಕಕ್ಕೆ ಬರೆದನು. ರಾಪ್ಸೊಡಿಗಳಲ್ಲಿ ಅವನು ಪಿಯಾನೋದ ಮೇಲೆ ತರಲು ಯತ್ನಿಸಿದುದು ಧಾಟಿಯನ್ನಲ್ಲ. ಧಾಟಿಯನ್ನು ತಡೆದು, ಎಳೆದು, ಅದರ ಸುತ್ತ ಸ್ವರಗಳನ್ನು ಚೆಲ್ಲುವ ಪಿಟೀಲಿನ ನಡೆಯನ್ನು, ಸಿಂಬಲೊಮಿನ ಕಂಪನವನ್ನು. ಅದು ರೋಮಾ ಜನರದೇ. ಆ ಋಣವನ್ನು ಅವನು ಒಪ್ಪಿದುದು ದೊಡ್ಡದು, ಒಪ್ಪಿದ ರೀತಿ ಸರಿಯಲ್ಲದಿದ್ದರೂ.

ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆ ಅಗತ್ಯ. 'ಜಿಪ್ಸಿ ಶ್ರೇಣಿ'ಯೆಂದು ಪಶ್ಚಿಮದಲ್ಲಿ ಕರೆಯುವ ಸ್ವರಪಂಕ್ತಿ ನಮ್ಮ ಐವತ್ತೇಳನೆಯ ಮೇಳವಾದ ಸಿಂಹೇಂದ್ರಮಧ್ಯಮದ್ದೇ. ರೋಮಾ ಜನರ ಭಾಷೆ ಭಾರತಮೂಲದ್ದೆಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಪಂಡಿತರು ತೋರಿಸಿಕೊಟ್ಟಿದ್ದಾರೆ. ಈ ಎರಡು ಸಂಗತಿಗಳನ್ನು ಗಂಟುಹಾಕಿ, ಲಿಸ್ಟನ ರಾಪ್ಸೊಡಿಯಲ್ಲಿ ಕೇಳಿಸುವುದು ಭಾರತದ ರಾಗವೆಂದು ಹಿಗ್ಗುವವರಿದ್ದಾರೆ. ಸ್ವರಸ್ಥಾನಗಳ ಹೊಂದಿಕೆ ವಂಶಾವಳಿಯಲ್ಲ. ಗಮಕವಿಲ್ಲದೆ, ಜೀವಸ್ವರದ ಕಲ್ಪನೆಯಿಲ್ಲದೆ, ಶ್ರುತಿಯ ಆಧಾರವಿಲ್ಲದೆ ಏಳು ಸ್ವರಗಳು ರಾಗವಾಗಲಾರವು. ಹಂಗೆರಿಯವರ ಅಭಿಮಾನ ಮಾಡಿದ ತಪ್ಪನ್ನು ನಮ್ಮ ಅಭಿಮಾನವೂ ಮಾಡಬೇಕಾಗಿಲ್ಲ.

ಪ್ರಭಾವವನ್ನು ನಿಜವಾಗಿ ಹುಡುಕಬೇಕಾದುದು ಹೆಸರಿನಲ್ಲಿ ಹಂಗೆರಿಯಿಲ್ಲದ ಕೃತಿಗಳಲ್ಲಿ. 1853ರಲ್ಲಿ ಮುಗಿದ ಬಿ ಮೈನರ್ ಸೊನಾಟಾವನ್ನು ಯಾರೂ ಹಂಗೆರಿಯ ಕೃತಿಯೆನ್ನುವುದಿಲ್ಲ. ಜರ್ಮನ್ ಪರಂಪರೆಯ ಮುಂದುವರಿಕೆಯೆಂದೇ ಅದನ್ನು ಹೊಗಳುವುದು ವಾಡಿಕೆ. ಆದರೆ ಅದರ ಮೊದಲ ಪುಟದಲ್ಲಿ ಇಳಿಯುವ ಎರಡು ಸ್ವರಪಂಕ್ತಿಗಳಲ್ಲಿ ಎರಡನೆಯದು ಮೇಲೆ ಹೇಳಿದ ಶ್ರೇಣಿಯೇ. ಈ ನುಡಿಗಟ್ಟು ಲಿಸ್ಟನಲ್ಲಿ ಬರಿಯ ದೇಶೀ ಬಣ್ಣವಲ್ಲ, ಅವನ ನವ್ಯತೆಯ ಬೇರೇ ಅದರಲ್ಲಿದೆ ಎಂದು ಶಾಯ್ ಲೋಯಾ 2011ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ವಾದಿಸಿದ್ದಾನೆ. ಮುಖ್ಯಾಂಶದಲ್ಲಿ ಈ ವಾದ ಒಪ್ಪತಕ್ಕುದು.

ಜನಪ್ರಿಯವಾದ ಎರಡನೆಯ ರಾಪ್ಸೊಡಿಯಲ್ಲಿ ಪ್ರದರ್ಶನದ ಭಾರ ಹೆಚ್ಚು. ಅದನ್ನು ಮಾತ್ರ ಕೇಳಿ ಲಿಸ್ಟನನ್ನು ಅಳೆಯುವುದು ಸಾಧುವಲ್ಲ. 1865ರಲ್ಲಿ ಕಿರಿಯ ಧರ್ಮದೀಕ್ಷೆಯನ್ನು ಪಡೆದ ಬಳಿಕ, ರೋಮ್, ವೈಮಾರ್, ಬುಡಾಪೆಸ್ಟ್ ಮೂರರ ನಡುವೆ ಅಲೆಯುತ್ತ ಮುಪ್ಪಿನಲ್ಲಿ ಬರೆದ ಕೃತಿಗಳಲ್ಲಿ ಈ ಆಡಂಬರವೆಲ್ಲ ಕಳಚಿಹೋಗಿದೆ. 1881–82ರ 'ಚಾರ್ದಾಶ್ ಮಕಾಬ್ರ'ದಲ್ಲಿ ಕುಣಿತದ ಲಯವೊಂದು ಉಳಿದಿದೆ. ಅದರ ಮೇಲೆ ಬರಿಯ ಪಂಚಮಗಳು ಜೊತೆಜೊತೆಯಾಗಿ ಒರಟಾಗಿ ಸಾಗುತ್ತವೆ. 1885ರಲ್ಲಿ ಹಂಗೆರಿಯ ಮಹನೀಯರನ್ನು ಕುರಿತು ರಚಿಸಿದ ಚಿತ್ರಣಗಳಲ್ಲಿ ವೆರ್ಬುಂಕೋಶಿನ ತುಣುಕುಗಳು ಎಲುಬಿನಂತೆ ಹೊರಕ್ಕೆ ಕಾಣುತ್ತವೆ. ಸಭೆಯನ್ನು ಮೆಚ್ಚಿಸುವ ಉದ್ದೇಶ ಇವುಗಳಲ್ಲಿ ಲೇಶವೂ ಇಲ್ಲ. ಬಾರ್ಟೋಕನ ಪಿಯಾನೋ ಕೃತಿಗಳನ್ನು ಇವುಗಳ ಪಕ್ಕದಲ್ಲಿಟ್ಟು ಕೇಳಿದವನಿಗೆ, ಹಳ್ಳಿಗೆ ಹೋಗದ ಲಿಸ್ಟನೂ ಹಳ್ಳಿಗೆ ಹೋಗಿಬಂದ ಬಾರ್ಟೋಕನೂ ಎಷ್ಟು ಹತ್ತಿರದವರೆಂಬುದು ಗೋಚರವಾಗುತ್ತದೆ.